ಕೆಟ್ಟಿದ್ದು ಕೋವಿಯೋ, ಕಣ್ಣೋ?

ಕೈಲ್‌ಪೊಳ್ದ್ ಮೈದಾನದಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರ ಗುಂಡು ತೆಂಗಿನಕಾಯಿಯ ಪಕ್ಕದಲ್ಲಿ ಹಾದುಹೋಯಿತು ಅನ್ನಿ. ಕಾರಣಗಳು ಸಾಲುಗಟ್ಟಿ ಬರುತ್ತವೆ. ತೋಟಾ ಹಳೆಯದು. ಗಾಳಿ ಬೀಸಿತು. ಈ ಕೋವಿ ಮೊದಲಿನಿಂದಲೂ ಸ್ವಲ್ಪ ಎಡಕ್ಕೆ ಎಳೆಯುತ್ತದೆ. ಗುರಿ ಹಿಡಿದ ಹೊತ್ತಿಗೇ ಪಕ್ಕದವನು ಕೆಮ್ಮಿದ. ಕೊನೆಗೆ ಕಾಯಿ ಕಟ್ಟಿದ ಹುಡುಗನಿಗೂ ಒಂದಿಷ್ಟು ಬೈಗುಳ ಸಿಗುತ್ತದೆ. ಒಂದು ಕಾರಣವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಕಣ್ಣು!

ಬ್ಯಾಂಕಿನ ಚೀಟಿ ತುಂಬಲು ಕನ್ನಡಕ ಬೇಕು, ಮದುವೆ ಕಾಗದ ಓದಲು ಬೇಕು, ಮಾತ್ರೆಯ ಹೆಸರು ನೋಡಲು ಬೇಕು. ಅದಕ್ಕೆಲ್ಲ ನಾಚಿಕೆಯಿಲ್ಲ. ಕೋವಿ ಕೈಗೆ ಬಂದ ಕೂಡಲೇ ಕನ್ನಡಕ ಜೇಬಿಗೆ ಹೋಗುತ್ತದೆ. ಇದೆಂಥ ಮರ್ಯಾದೆಯೋ ನಮಗೆ ಅರ್ಥವಾಗಿಲ್ಲ.

ಜಿಲ್ಲೆಯ ಮನೆಮನೆಗಳಲ್ಲಿ ಈಗ ಈ ವಿಷಯದ ಮೇಲೆ ಎರಡು ಪಕ್ಷ. ಮೊಮ್ಮಕ್ಕಳ ಪಕ್ಷ ಹೇಳುವುದು, "ಅಜ್ಜ, ಒಂದು ಸ್ಕೋಪ್ ಹಾಕಿಸಿಬಿಡಿ. ಆನ್‌ಲೈನಿನಲ್ಲಿ ಸಿಗ್ತದೆ, ಮೂರು ದಿನದಲ್ಲಿ ಮನೆಗೇ ಬರ್ತದೆ." ಅಜ್ಜಂದಿರ ಪಕ್ಷ ಹೇಳುವುದು, "ನನ್ನ ಅಪ್ಪ ಹಿಡಿದ ಕೋವಿಗೆ ದುರ್ಬೀನು ಕಟ್ಟುವುದಾ? ಅದಕ್ಕಿಂತ ಐನ್‌ಮನೆ ಗೋಡೆಗೆ ನೇತುಹಾಕಿ ಕೈ ಮುಗಿಯುತ್ತೇನೆ." ಹುಡುಗರು ಕಣ್ಣನ್ನು ನೋಡದೆ ಸಾಮಾನು ಕೊಳ್ಳಲು ಹೊರಟಿದ್ದಾರೆ. ಹಿರಿಯರು ಸಾಮಾನನ್ನು ಬೈಯುತ್ತಾ ಕಣ್ಣನ್ನು ಮುಚ್ಚಿಡುತ್ತಿದ್ದಾರೆ. ಈ ಅಂಕಣದ ಅಭಿಪ್ರಾಯ ಕೇಳುವುದಾದರೆ, ಮೊದಲು ಕಣ್ಣಿನ ಡಾಕ್ಟರು, ಆಮೇಲೆ ಕೋವಿಯ ಮೇಲಿರುವ ಹಳೆಯ ಕಬ್ಬಿಣದ ಸೈಟಿಗೇ ಒಂದು ಸರಿಯಾದ ಕನ್ನಡಕ, ಅದೂ ಆಗದಿದ್ದರೆ ಸ್ಕೋಪ್. ಈ ಕ್ರಮ ತಿರುವುಮುರುವಾದರೆ ದುಡ್ಡು ದಂಡ. ದುಡ್ಡಿಗಿಂತ ದೊಡ್ಡ ನಷ್ಟದ ಮಾತೂ ಇದೆ, ಅದಕ್ಕೆ ಮುಂದೆ ಬರುತ್ತೇವೆ.

ಕಬ್ಬಿಣದ ಸೈಟು ಅಂದರೆ ನಮ್ಮವರಿಗೆ ವಿವರಿಸಬೇಕಾಗಿಲ್ಲ. ಕಣ್ಣಿನ ಹತ್ತಿರ ಒಂದು ಸೀಳು, ನಳಿಗೆಯ ತುದಿಯಲ್ಲಿ ಒಂದು ಮಣಿ, ದೂರದಲ್ಲಿ ಕಾಯಿ. ಮೂರೂ ಒಂದೇ ಗೆರೆಯಲ್ಲಿ ಬರಬೇಕು. ತೊಡಕು ಇರುವುದು ಇಲ್ಲೇ. ಕಣ್ಣಿಗೆ ಒಂದು ಹೊತ್ತಿನಲ್ಲಿ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಲು ಸಾಧ್ಯ. ಇಪ್ಪತ್ತರ ಹುಡುಗನ ಕಣ್ಣಿನೊಳಗಿನ ಮಸೂರ ಮೆತ್ತಗಿರುತ್ತದೆ. ಸೀಳು, ಮಣಿ, ಕಾಯಿ, ಮತ್ತೆ ಮಣಿ ಅಂತ ಅದು ಕ್ಷಣದಲ್ಲಿ ಓಡಾಡಿ ಬರುತ್ತದೆ. ಮೂರೂ ಒಟ್ಟಿಗೇ ಕಂಡವೆಂದು ಅವನಿಗೆ ಭ್ರಮೆ. ನಲವತ್ತರ ಹೊತ್ತಿಗೆ ಮಸೂರ ಗಟ್ಟಿಯಾಗುತ್ತಾ ಬರುತ್ತದೆ. ನಲವತ್ತಕ್ಕೆ ಬರುವುದರಿಂದಲೇ ಅದಕ್ಕೆ ಚಾಳೀಸು ಅಂತ ಹೆಸರು. ಇಪ್ಪತ್ತರಲ್ಲಿ ಸುಮಾರು 10 ಸೆಂಟಿಮೀಟರ್ ಹತ್ತಿರದ ಅಕ್ಷರವನ್ನೂ ಓದುತ್ತಿದ್ದ ಕಣ್ಣಿಗೆ ನಲವತ್ತರ ಮಧ್ಯದಲ್ಲಿ ಒಂದು ಮೊಳ ದೂರ ಬೇಕಾಗುತ್ತದೆ. ಅರವತ್ತಕ್ಕೆ ಬರುವಾಗ ಸುಮಾರು ಒಂದು ಮೀಟರಿನಿಂದ ಈಚೆಗೆ ಇರುವುದೆಲ್ಲ ಮಸುಕು.

ಈಗ ನೀವೇ ಟೇಪು ಹಿಡಿದು ಅಳೆಯಿರಿ. ರೈಫಲನ್ನು ಹೆಗಲಿಗೆ ಕೊಟ್ಟಾಗ ಕಣ್ಣಿನಿಂದ ಮುಂದಿನ ಮಣಿಗೆ ಎಷ್ಟು ದೂರ? 80ರಿಂದ 90 ಸೆಂಟಿಮೀಟರ್. ಅಂದರೆ ಅರವತ್ತರ ಕಣ್ಣು ಕೈಬಿಟ್ಟ ಜಾಗದಲ್ಲೇ ಸರಿಯಾಗಿ ಮಣಿ ಕೂತಿದೆ. ಹಿಂದಿನ ಸೀಳಿನ ಕತೆ ಕೇಳುವುದೇ ಬೇಡ, ಅದು ಯಾವತ್ತೋ ಮಂಜಾಗಿರುತ್ತದೆ. ದೂರದ ಕಾಯಿ ಮಾತ್ರ ಚೆನ್ನಾಗಿ ಕಾಣುತ್ತದೆ. "ನನಗೆ ಕಣ್ಣು ಸರಿ ಉಂಟು, ಆ ಗುಡ್ಡದ ಮೇಲಿನ ಮರ ಎಣಿಸುತ್ತೇನೆ" ಅಂತ ಹಿರಿಯರು ಹೇಳುವುದು ಸುಳ್ಳಲ್ಲ. ಮರ ಎಣಿಸುವ ಕಣ್ಣಿಗೇ ಮಣಿ ಕಾಣದು.

ಇದರ ಪರಿಣಾಮ ಎಷ್ಟು ಅಂತ ಒಂದು ಲೆಕ್ಕ ಹಾಕೋಣ. ಸೀಳಿಗೂ ಮಣಿಗೂ ನಡುವೆ ಅರ್ಧ ಮೀಟರ್ ಅಂತರವಿರುವ ಕೋವಿಯಲ್ಲಿ ಮಣಿ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದು ನಿಂತರೆ 50 ಮೀಟರಿನಲ್ಲಿ ಗುಂಡು 10 ಸೆಂಟಿಮೀಟರ್ ಆಚೆ ಹೋಗುತ್ತದೆ. ಕಾಯಿ ತಪ್ಪಲು ಅಷ್ಟು ಸಾಕು. ಕಾಯಿ ಕೈತಪ್ಪುವುದು ಗಾಳಿಯಿಂದಲ್ಲ, ಈ ಒಂದು ಮಿಲಿಮೀಟರಿನಿಂದ. ಇನ್ನೊಂದು ಲೆಕ್ಕ: ಮಣಿಯ ದಪ್ಪ 3 ಮಿಲಿಮೀಟರ್ ಇದ್ದರೆ, ಕಣ್ಣಿಗೆ ಅದು 50 ಮೀಟರ್ ದೂರದಲ್ಲಿ ಹದಿನೇಳು ಸೆಂಟಿಮೀಟರ್ ಅಗಲದ ಜಾಗವನ್ನು ಮುಚ್ಚುತ್ತದೆ. ಸುಲಿದ ತೆಂಗಿನಕಾಯಿ ಅಷ್ಟು ದೊಡ್ಡದಿಲ್ಲ! ಅದಕ್ಕೇ ಹಳಬರು ಕಾಯಿಯನ್ನು ಮಣಿಯ ಹಿಂದೆ ಅಡಗಿಸದೆ ಮಣಿಯ ತಲೆಯ ಮೇಲೆ ಕೂರಿಸಿ ಹೊಡೆಯುತ್ತಿದ್ದದ್ದು. ಮಣಿಯ ಅಂಚು ಮಸುಕಾಗಿ ಹರಡಿದರೆ ಅದರ ತಲೆ ಎಲ್ಲಿ ಮುಗಿಯಿತು, ಕಾಯಿಯ ಬುಡ ಎಲ್ಲಿ ಶುರುವಾಯಿತು ಅಂತ ದೇವರಿಗೇ ಗೊತ್ತಾಗಬೇಕು.

ಇದಕ್ಕೆ ಮದ್ದು ಇಲ್ಲವೇ? ಇದೆ, ಅದೂ ಅಗ್ಗದ್ದು. ಆದರೆ ಕನ್ನಡಕದ ಅಂಗಡಿಗೆ ಹೋಗಿ "ಓದಲು ಒಂದು ಕೊಡಿ" ಅಂದರೆ ಕೆಲಸ ಕೆಡುತ್ತದೆ. ಓದುವ ಕನ್ನಡಕ ತಯಾರಾಗುವುದು ಸುಮಾರು 40 ಸೆಂಟಿಮೀಟರ್ ದೂರಕ್ಕೆ. ಅದರಲ್ಲಿ ಸೀಳು ಕಂಡೀತು, ಮಣಿ ಕಾಣದು, ಕಾಯಿಯಂತೂ ಹತ್ತಿಯ ಉಂಡೆಯಂತಾಗುತ್ತದೆ. ಇನ್ನು ಎರಡು ನಂಬರಿನ ಬೈಫೋಕಲ್ ಹಾಕಿಕೊಂಡವರ ಅವಸ್ಥೆ ನೋಡಬೇಕು. ಕೆಳಗಿನ ತುಂಡಿನಲ್ಲಿ ಮಣಿ ಹುಡುಕಲು ಗಡ್ಡ ಮೇಲೆತ್ತುತ್ತಾರೆ, ಮೇಲಿನ ತುಂಡಿನಲ್ಲಿ ಕಾಯಿ ನೋಡಲು ತಲೆ ತಗ್ಗಿಸುತ್ತಾರೆ, ಕೆನ್ನೆ ಕೋವಿಯ ಮರದಿಂದ ಎದ್ದುಹೋಗುತ್ತದೆ. ಕೋಳಿ ಕಾಳು ಹೆಕ್ಕಿದ ಹಾಗೆ!

ಬೇಕಾದದ್ದು ದೂರದ ನಂಬರಿನ ಮೇಲೆ ಸ್ವಲ್ಪವೇ ಸ್ವಲ್ಪ ಹೆಚ್ಚಿಗೆ. ಒಂದು ಮೀಟರ್ ದೂರದ ವಸ್ತುವನ್ನು ಪೂರ್ತಿ ಸ್ಪಷ್ಟ ಮಾಡಲು ಒಂದು ಡಯಾಪ್ಟರ್, ಅಂದರೆ ಪ್ಲಸ್ ಒಂದು ಬೇಕು. ಆದರೆ ಅಷ್ಟು ಹಾಕಿದರೆ ಕಾಯಿ ಕೈಬಿಡುತ್ತದೆ. ಆದ್ದರಿಂದ ಅದರ ಅರ್ಧ, ಪ್ಲಸ್ ಪಾಯಿಂಟ್ ಐದು. ಆಗ ಮಣಿಯೂ ಕಾಯಿಯೂ ಸಮಪಾಲಿನಲ್ಲಿ ಸ್ವಲ್ಪ ಸ್ವಲ್ಪ ಸೋಲುತ್ತವೆ, ಎರಡೂ ಕಾಣುತ್ತವೆ. ಮಣಿಯನ್ನೇ ಹೆಚ್ಚು ಸ್ಪಷ್ಟ ಬೇಕೆನ್ನುವವರು ಪಾಯಿಂಟ್ ಏಳು ಐದರವರೆಗೂ ಹೋಗಬಹುದು. ಹೊಡೆಯುವ ಕಣ್ಣಿಗೆ ಮಾತ್ರ ಈ ನಂಬರ್ ಹಾಕಿದ ಒಂಟಿ ನಂಬರಿನ ಕನ್ನಡಕ ಒಂದನ್ನು ಬೇರೆಯಾಗಿ ಮಾಡಿಸಿಟ್ಟುಕೊಳ್ಳಬೇಕು. ಕನ್ನಡಕದ ಅಂಗಡಿಗೆ ಹೋಗುವಾಗ ದಯವಿಟ್ಟು ಕೋವಿ ಹೆಗಲಿಗೇರಿಸಿಕೊಂಡು ಹೋಗಬೇಡಿ. ಮನೆಯಲ್ಲೇ ಗುಂಡಿಲ್ಲದ ಕೋವಿಯನ್ನು ಹೆಗಲಿಗೆ ಕೊಟ್ಟು, ಇನ್ನೊಬ್ಬರಿಂದ ಕಣ್ಣಿಂದ ಮಣಿಯವರೆಗೆ ಅಳೆಸಿ, ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಾಕು. ತಿಳಿದ ಡಾಕ್ಟರಿಗೆ ಆ ಒಂದು ಅಂಕಿಯೇ ಎಲ್ಲ ಹೇಳುತ್ತದೆ.

ಎರಡನೆಯ ಮದ್ದು ಮಿಲಿಟರಿಯಲ್ಲಿದ್ದು ಬಂದವರಿಗೆ ಗೊತ್ತಿರುವಂಥದ್ದೇ. ಎಸ್‌ಎಲ್‌ಆರ್ ಹಿಡಿದವರು ನಮ್ಮ ಜಿಲ್ಲೆಯಲ್ಲಿ ಮನೆಗೊಬ್ಬರಂತೆ ಸಿಗುತ್ತಾರೆ. ಆ ರೈಫಲಿನ ಹಿಂದಿನ ಸೈಟಿನಲ್ಲಿ ಸೀಳಿಲ್ಲ, ತೂತು ಇದೆ. ಪೀಪ್ ಸೈಟ್ ಅಂತ ಕರೆಯುವುದು ಅದನ್ನೇ. ತೂತನ್ನು ನೋಡಬೇಕಾಗಿಲ್ಲ, ತೂತಿನ ಮೂಲಕ ನೋಡಿದರೆ ಆಯಿತು. ಕಣ್ಣು ತಾನೇ ನಡುವನ್ನು ಹುಡುಕಿಕೊಳ್ಳುತ್ತದೆ. ಹೀಗಾಗಿ ಮೂರು ದೂರಗಳ ಜಗಳ ಎರಡಕ್ಕೆ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಲಾಭ, ಸಣ್ಣ ತೂತಿನ ಮೂಲಕ ನೋಡಿದಾಗ ಹತ್ತಿರದ್ದೂ ದೂರದ್ದೂ ಒಟ್ಟಿಗೇ ತಿಳಿಯಾಗುತ್ತದೆ. ನಂಬಿಕೆ ಬಾರದಿದ್ದರೆ ಈಗಲೇ ಪರೀಕ್ಷೆ ಮಾಡಿ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಸೂಜಿಯಿಂದ ಒಂದು ತೂತು ಮಾಡಿ, ಕನ್ನಡಕ ತೆಗೆದು, ಅದರ ಮೂಲಕ ಈ ಪತ್ರಿಕೆಯನ್ನೇ ಓದಿ ನೋಡಿ. ಅಕ್ಷರ ಕಪ್ಪಗೆ ಎದ್ದು ಬಂದರೆ ನಿಮ್ಮ ತೊಂದರೆ ಬರೀ ನಂಬರಿನದ್ದು, ಕನ್ನಡಕದಲ್ಲಿ ಸರಿಹೋಗುವಂಥದ್ದು. ತೂತಿನಲ್ಲೂ ಮಸುಕು ಮಸುಕೇ ಆಗಿದ್ದರೆ ಪೊರೆಯೋ, ಕಣ್ಣಿನ ಹಿಂಬದಿಯ ಪರದೆಯದೋ ತೊಂದರೆ ಇರಬಹುದು. ಅಂಥವರು ಸೈಟಿನ ವಿಚಾರ ಬಿಟ್ಟು ನೇರ ಆಸ್ಪತ್ರೆಗೆ ಹೋಗಬೇಕು.

ಪೀಪ್ ಸೈಟಿಗೂ ಒಂದು ಕೊರತೆ ಇದೆ, ಮತ್ತು ಅದು ನಮ್ಮ ಜಿಲ್ಲೆಗೇ ಹೇಳಿ ಮಾಡಿಸಿದ ಹಾಗಿದೆ. ಸಣ್ಣ ತೂತು ಬೆಳಕನ್ನು ತಿನ್ನುತ್ತದೆ. ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರ್ 3ರ ಸುಮಾರಿಗೆ. ಆಗ ನಮ್ಮಲ್ಲಿ ಬಿಸಿಲೆಂಬುದು ದರ್ಶನ ಕೊಟ್ಟರೆ ಪುಣ್ಯ. ಒಮ್ಮೆ ಮಳೆ, ಒಮ್ಮೆ ಮಂಜು, ಮೈದಾನದ ಸುತ್ತ ಸಿಲ್ವರ್ ಮರಗಳ ನೆರಳು ಬೇರೆ. ವಯಸ್ಸಾದ ಕಣ್ಣಿನ ಪಾಪೆಯೂ ಚಿಕ್ಕದಾಗಿರುತ್ತದೆ, ಕತ್ತಲಲ್ಲೂ ಹೆಚ್ಚು ಅರಳುವುದಿಲ್ಲ. ಅರವತ್ತರ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕು ಇಪ್ಪತ್ತರ ಕಣ್ಣಿಗೆ ಮುಟ್ಟುವುದರ ಸುಮಾರು ಮೂರನೇ ಒಂದು ಪಾಲು ಅಂತ ಕಣ್ಣಿನ ವೈದ್ಯರ ಲೆಕ್ಕ. ಹಾಗಾಗಿ ಒಂದು ಮಿಲಿಮೀಟರಿನ ಸ್ಪರ್ಧೆಯ ತೂತು ಬೆಂಗಳೂರಿನ ಬಿಸಿಲಿಗೆ ಸರಿ. ಮಡಿಕೇರಿಯ ಮಂಜಿಗೆ ಎರಡು ಮಿಲಿಮೀಟರ್ ಅಥವಾ ಇನ್ನೂ ದೊಡ್ಡ ತೂತೇ ಬೇಕು. ಮಣಿಗೆ ಬಿಳಿ ಅಥವಾ ಕಿತ್ತಳೆ ಬಣ್ಣದ ಚುಕ್ಕೆ ಹಾಕಿಕೊಂಡವರನ್ನು ನೋಡಿ ನಗುವವರಿದ್ದಾರೆ. ನಗಲಿ ಬಿಡಿ, ಕಾಯಿ ಬೀಳುವಾಗ ಅವರೂ ಚಪ್ಪಾಳೆ ತಟ್ಟುತ್ತಾರೆ.

12 ಬೋರಿನ ತೋಟಾ ಕೋವಿಯಲ್ಲಿ ಚರೆ ಹಾರಿಸುವವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆ ಕೋವಿ ಗುರಿಯಿಡುವುದಕ್ಕಿಂತ ತೋರುವುದಕ್ಕೆ ಮಾಡಿದ್ದು. ಕೆನ್ನೆ ಮರಕ್ಕೆ ಸರಿಯಾಗಿ ಕೂತು, ಕಣ್ಣು ಕಾಯಿಯ ಮೇಲಿದ್ದರೆ ನಳಿಗೆ ಅಲ್ಲಿಗೇ ಹೋಗುತ್ತದೆ. ಮಣಿ ಮಸುಕಾದರೂ ದೊಡ್ಡ ನಷ್ಟವಿಲ್ಲ. ಅದರ ಮೇಲೆ ಸ್ಕೋಪ್ ಏರಿಸಲು ಹೊರಟವರಿಗೆ ಒಂದು ಮಾತು: ಒದೆತ ಜೋರಾದ ಕೋವಿಯ ಮೇಲೆ ಕಣ್ಣಿಗೆ ಹತ್ತಿರವಾಗಿ ಕೂತ ಕಬ್ಬಿಣದ ಕೊಳವೆ ಹುಬ್ಬಿನ ಮೇಲೆ ಅರ್ಧಚಂದ್ರ ಕೊರೆಯುತ್ತದೆ. ಹೊಲಿಗೆಯ ಗುರುತು ಇಟ್ಟುಕೊಂಡು ಓಡಾಡುವವರು ಈ ಪಾಠ ಕಲಿತೇ ಇದ್ದಾರೆ.

ಹಾಗಾದರೆ ಸ್ಕೋಪ್ ಬೇಡವೇ ಬೇಡವೇ? ಹಾಗೆ ಹೇಳುವುದಿಲ್ಲ. ನ್ಯಾಯವಾಗಿ ನೋಡಿದರೆ ಚಾಳೀಸು ಬಂದ ಕಣ್ಣಿಗೆ ಇಷ್ಟು ಸಲೀಸಾದ ಸಾಧನ ಇನ್ನೊಂದಿಲ್ಲ. ಸ್ಕೋಪಿನೊಳಗಿನ ಗೆರೆಯೂ ದೂರದ ಕಾಯಿಯೂ ಕಣ್ಣಿಗೆ ಒಂದೇ ದೂರದಲ್ಲಿ ಇರುವ ಹಾಗೆ ಕಾಣುತ್ತವೆ. ಓಡಾಡುವ ಕೆಲಸವೇ ಇಲ್ಲ. ಕಣ್ಣಿನ ಕಡೆಯ ತುದಿಯನ್ನು ತಿರುಗಿಸಿ ಗೆರೆ ಕಪ್ಪಗೆ ಕಾಣುವ ಹಾಗೆ ಒಮ್ಮೆ ಹೊಂದಿಸಿಕೊಂಡರೆ ಮುಗಿಯಿತು. ಇದನ್ನು ತಿಂಗಳುಗಟ್ಟಲೆ ಯಾರೂ ತಿರುಗಿಸಿಯೇ ನೋಡಿರುವುದಿಲ್ಲ, "ಸ್ಕೋಪ್ ಸರಿಯಿಲ್ಲ" ಅಂತ ಮಾರಿಬಿಟ್ಟಿರುತ್ತಾರೆ!

ಕೊಳ್ಳುವವರು ಎರಡು ಸಂಗತಿ ತಿಳಿದಿರಲಿ. ಮೊದಲನೆಯದು, ಹೆಚ್ಚು ದೊಡ್ಡದು ಮಾಡಿ ತೋರಿಸುವುದೇ ಒಳ್ಳೆಯದೆಂಬ ತಪ್ಪು ಕಲ್ಪನೆ. ಹನ್ನೆರಡು ಪಟ್ಟು ಹಿಗ್ಗಿಸಿದರೆ ಕಾಯಿಯ ಜೊತೆಗೆ ಕೈ ನಡುಕವೂ ಹನ್ನೆರಡು ಪಟ್ಟು ಕಾಣುತ್ತದೆ. ಎಪ್ಪತ್ತರ ಕೈಗೆ ಅದು ಧೈರ್ಯಗೆಡಿಸುವ ದೃಶ್ಯ. 50 ಮೀಟರಿಗೆ ಎರಡು, ಮೂರು, ಹೆಚ್ಚೆಂದರೆ ನಾಲ್ಕು ಪಟ್ಟು ಸಾಕೇ ಸಾಕು. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 40 ಮಿಲಿಮೀಟರ್ ಗಾಜಿಗೆ ನಾಲ್ಕು ಪಟ್ಟಾದರೆ 10 ಮಿಲಿಮೀಟರ್, ಮುದಿ ಕಣ್ಣಿನ ಪಾಪೆಗೆ ಧಾರಾಳ. ಅದನ್ನೇ ಹನ್ನೆರಡಕ್ಕೆ ಏರಿಸಿದರೆ ಮೂರು ಚಿಲ್ಲರೆ, ಕಣ್ಣು ಕೂದಲೆಳೆಯಷ್ಟು ಅತ್ತಿತ್ತ ಆದರೂ ಕಪ್ಪು.

ಎರಡನೆಯದು ಕೋವಿಯ ಮೈ. ಸ್ಕೋಪ್ ನಳಿಗೆಗಿಂತ ಮೂರು ನಾಲ್ಕು ಸೆಂಟಿಮೀಟರ್ ಮೇಲೆ ಕೂರುತ್ತದೆ. ಕಬ್ಬಿಣದ ಸೈಟಿಗೆಂದು ಕೆತ್ತಿದ ಮರ ಆಗ ಕೆನ್ನೆಗೆ ಸಿಗುವುದಿಲ್ಲ, ತಲೆ ಗಾಳಿಯಲ್ಲಿ ತೇಲುತ್ತದೆ. ಮರಕ್ಕೆ ಚರ್ಮದ ದಿಂಬು ಕಟ್ಟಿ ಎತ್ತರಿಸಿಕೊಳ್ಳಬೇಕು. ಅಜ್ಜನ ಕಾಲದ ಕೋವಿಗೆ ಸ್ಕೋಪ್ ಕೂರಿಸಲು ತೂತು ಕೊರೆಸುವವರನ್ನು ಕಂಡರೆ ಮಾತ್ರ ನಮಗೆ ಹೊಟ್ಟೆ ಉರಿಯುತ್ತದೆ. ಲೇತ್ ಅಂಗಡಿಗೆ ಒಯ್ದು ಕೊರೆಸಿದ ಕೋವಿ ಆಮೇಲೆ ಕೋವಿಯೂ ಅಲ್ಲ, ಪೈಪೂ ಅಲ್ಲ. ಪರವಾನಗಿ ಇರುವ ಕೋವಿ ಕೆಲಸದವರೇ ಬೇಕು, ಕಾನೂನೂ ಅದನ್ನೇ ಹೇಳುತ್ತದೆ. ಆಸೆ ಇರುವವರು .22 ರೈಫಲೊಂದಕ್ಕೆ ಸ್ಕೋಪ್ ಹಾಕಿಕೊಂಡು, ಹಿರಿಯರ ಕೋವಿಯನ್ನು ತೋಕ್‌ಪೂ ಸಿಕ್ಕಿಸಿ ಪೂಜೆಗೆ ಇಡುವುದೇ ಮೇಲು.

ಈಚೆಗೆ ರೆಡ್ ಡಾಟ್ ಅಂತ ಒಂದು ಬಂದಿದೆ. ಸಣ್ಣ ಗಾಜಿನಲ್ಲಿ ಕೆಂಪು ಚುಕ್ಕೆ ಹೊಳೆಯುತ್ತದೆ. ಹಿಗ್ಗಿಸುವುದಿಲ್ಲ. ಚುಕ್ಕೆ ದೂರದಲ್ಲೇ ಇರುವಂತೆ ಕಾಣುವುದರಿಂದ ಕಾಯಿಯನ್ನು ನೋಡುತ್ತಾ ಹೊಡೆಯಬಹುದು, ಎರಡೂ ಕಣ್ಣು ತೆರೆದಿಡಬಹುದು. ವಯಸ್ಸಾದವರಿಗೆ ಅನುಕೂಲವೇ. ಆದರೆ ಕಣ್ಣಿನ ಗೋಳ ಸ್ವಲ್ಪ ಸೊಟ್ಟಗಿರುವವರಿಗೆ, ಅಂದರೆ ಸಿಲಿಂಡರ್ ನಂಬರ್ ಇರುವವರಿಗೆ, ಆ ಚುಕ್ಕೆ ಚುಕ್ಕೆಯಾಗಿ ಕಾಣದೆ ಬಾಲವಿರುವ ಅಲ್ಪವಿರಾಮದ ಹಾಗೋ ಒಡೆದ ನಕ್ಷತ್ರದ ಹಾಗೋ ಕಾಣುತ್ತದೆ. ಅಂಗಡಿಯವನನ್ನು ಬೈಯುವ ಮೊದಲು ಕನ್ನಡಕ ಹಾಕಿಕೊಂಡು ನೋಡಿ. ಅದನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡಿದಾಗ ಚುಕ್ಕೆ ದುಂಡಗಿದ್ದರೆ ಸಾಮಾನು ಸರಿ ಇದೆ, ಕಣ್ಣಿನದ್ದೇ ಸೊಟ್ಟ.

ಇಷ್ಟೆಲ್ಲ ಸಾಮಾನಿನ ಮಾತಾಯಿತು. ಡಾಕ್ಟರು ಮೊದಲು ಅಂತ ಹೇಳಿದ್ದಕ್ಕೆ ಕಾರಣ ಇಲ್ಲಿದೆ. ಪೊರೆ ಬಂದ ಕಣ್ಣಿಗೆ ಯಾವ ಸ್ಕೋಪೂ ಬೆಳಕು ಕೊಡಲಾರದು. ಕೊಳೆಯಾದ ಕಿಟಕಿಯ ಹೊರಗೆ ದುರ್ಬೀನು ಇಟ್ಟ ಹಾಗೆ. ಸಕ್ಕರೆ ಕಾಯಿಲೆಯವರ ಕಣ್ಣಿನ ನಂಬರ್ ಸಕ್ಕರೆ ಏರಿಳಿದಂತೆ ಬದಲಾಗುತ್ತಿರುತ್ತದೆ. ಇವತ್ತು ಹೊಂದಿಸಿದ ಕನ್ನಡಕ ಬರುವ ತಿಂಗಳು ಹೊಂದದು, ಸಕ್ಕರೆ ಹತೋಟಿಗೆ ಬಂದ ಮೇಲೇ ನಂಬರ್ ತೆಗೆಸಬೇಕು. ಗ್ಲಾಕೋಮಾ ಇನ್ನೂ ಕಪಟಿ. ನೋವಿಲ್ಲದೆ, ಸದ್ದಿಲ್ಲದೆ ಪಕ್ಕದ ದೃಷ್ಟಿಯನ್ನು ತಿನ್ನುತ್ತಾ ಬರುತ್ತದೆ. ನೇರ ಎದುರಿನ ಕಾಯಿ ಕಾಣುತ್ತಲೇ ಇರುತ್ತದೆ, ಪಕ್ಕದಲ್ಲಿ ನಡೆದು ಬರುವ ಮನುಷ್ಯ ಕಾಣುವುದಿಲ್ಲ.

ಪೊರೆಯ ಆಪರೇಷನ್ ಮಾಡಿಸಿಕೊಳ್ಳುವವರಿಗೆ ಒಂದು ಕಿವಿಮಾತು. ಒಳಗೆ ಕೂರಿಸುವ ಮಾಮೂಲಿ ಮಸೂರ ಒಂದೇ ದೂರಕ್ಕೆ ಹೊಂದಿಕೊಂಡಿರುತ್ತದೆ, ಸಾಮಾನ್ಯವಾಗಿ ದೂರಕ್ಕೆ. ಆಪರೇಷನ್ ಆದ ಮೇಲೆ ಕಾಯಿ ಹೊಳೆಯುತ್ತದೆ, ಮಣಿ ಮಂಜಾಗಿಯೇ ಇರುತ್ತದೆ. ಆಗಲೂ ಮೇಲೆ ಹೇಳಿದ ಅರ್ಧ ನಂಬರಿನ ಕನ್ನಡಕ ಬೇಕು. ಅದಕ್ಕೇ ಆಪರೇಷನ್ನಿಗೆ ಮೊದಲೇ ಡಾಕ್ಟರಿಗೆ "ನಾನು ಕೋವಿ ಹಿಡಿಯುವವನು, ಬಲಗಣ್ಣಲ್ಲಿ ಗುರಿ ನೋಡುವವನು" ಅಂತ ಹೇಳಬೇಕು. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ನಾವು ಕಾಫಿ ಪ್ಲಾಂಟರ್ ಅಂತ ಮಾತ್ರ ಬರೆಸಿ ಬಂದಿರುತ್ತೇವೆ.

ಇನ್ನು ಪಂದ್ಯ ನಡೆಸುವವರ ವಿಷಯ. ಒಲಿಂಪಿಕ್ಸಿನ ರೈಫಲ್ ಸ್ಪರ್ಧೆಗಳಲ್ಲಿ ಸ್ಕೋಪಿಗೆ ಇಂದಿಗೂ ಪ್ರವೇಶವಿಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ, 2024ರಲ್ಲಿ ಪ್ಯಾರಿಸಿನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರಿನಲ್ಲಿ ಕಂಚು ಗೆದ್ದದ್ದೂ ಪೀಪ್ ಸೈಟಿನಲ್ಲೇ. ಆದರೆ ಇಬ್ಬರೂ ಮೂವತ್ತರೊಳಗಿನವರು ಅನ್ನುವುದನ್ನೂ ಮರೆಯಬಾರದು. ವಯಸ್ಸಾದವರ ಸಾಧನೆ ಬೇಕೆಂದರೆ ಸ್ವೀಡನ್ನಿನ ಆಸ್ಕರ್ ಸ್ವಾನ್ ಇದ್ದಾರೆ, 1920ರ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ 72ನೇ ವಯಸ್ಸಿನಲ್ಲಿ ಓಡುವ ಜಿಂಕೆಯ ಗುರಿಗೆ ಹೊಡೆದು ತಂಡದೊಡನೆ ಬೆಳ್ಳಿ ಗೆದ್ದವರು. ಅಷ್ಟು ದೂರ ಯಾಕೆ, ಉತ್ತರ ಪ್ರದೇಶದ ಬಾಗ್‌ಪತ್ ಜಿಲ್ಲೆಯ ಜೋಹ್ರಿ ಹಳ್ಳಿಯ ಚಂದ್ರೋ ತೋಮರ್ ಅಜ್ಜಿ ಪಿಸ್ತೂಲನ್ನು ಮೊದಲ ಸಲ ಹಿಡಿದದ್ದೇ ಅರವತ್ತು ದಾಟಿದ ಮೇಲೆ. ಸೆರಗು ಹೊದ್ದೇ ಗುರಿ ಹೊಡೆದು ಪದಕಗಳನ್ನು ಗೆದ್ದ ಆ ತಾಯಿ 2021ರ ಏಪ್ರಿಲಿನಲ್ಲಿ ತೀರಿಕೊಂಡರು. ವಯಸ್ಸಾಯಿತು ಅಂತ ಕೋವಿ ಕೆಳಗಿಡಬೇಕಾಗಿಲ್ಲ ಅನ್ನುವುದಕ್ಕೆ ಇವರಿಬ್ಬರು ಸಾಕು.

ಹಾಗಿರುವಾಗ ನಮ್ಮ ಊರುಗಳ ಪಂದ್ಯಗಳಲ್ಲಿ ಅರವತ್ತು ದಾಟಿದವರಿಗೆ ಪ್ರತ್ಯೇಕ ವಿಭಾಗ ಯಾಕೆ ಇರಬಾರದು? ಮುಖ್ಯ ಸ್ಪರ್ಧೆ ಕಬ್ಬಿಣದ ಸೈಟಿನದ್ದೇ ಇರಲಿ, ಅದು ಸಂಪ್ರದಾಯ. ಅದರಲ್ಲಿ ಕನ್ನಡಕಕ್ಕೂ ಪೀಪಿಗೂ ಅಡ್ಡಿ ಮಾಡಬೇಡಿ. ಹಿರಿಯರ ವಿಭಾಗದಲ್ಲಿ ನಾಲ್ಕು ಪಟ್ಟಿನವರೆಗೆ ಸ್ಕೋಪಿಗೆ ಅವಕಾಶ ಕೊಡಿ. ಈಗ ಆಗುತ್ತಿರುವುದೇನು? ಸ್ಕೋಪ್ ತಂದವರನ್ನು ವಾಪಸು ಕಳಿಸುತ್ತಾರೆ, ತಾರದವರು ನಾಲ್ಕು ಗುಂಡು ಹಾಳುಮಾಡಿ ಮುಂದಿನ ವರ್ಷದಿಂದ ಊಟದ ಚಪ್ಪರದಲ್ಲೇ ಕೂತುಬಿಡುತ್ತಾರೆ. ಗುರಿ ಹೇಗೆ ಹಿಡಿಯಬೇಕು, ಉಸಿರು ಎಲ್ಲಿ ನಿಲ್ಲಿಸಬೇಕು, ನಳಿಗೆ ಎತ್ತ ಕಡೆ ಇರಬೇಕು ಅಂತ ಹುಡುಗರಿಗೆ ಕಲಿಸಬೇಕಾದವರು ಅವರೇ. ಅವರು ಮೈದಾನ ಬಿಟ್ಟರೆ ಕಲಿಸುವವರು ಯಾರು, ಮೊಬೈಲೇ?

ಈಗ, ಮುಂದೆ ಬರುತ್ತೇವೆ ಅಂದಿದ್ದ ಮಾತು. ಮೈದಾನದಲ್ಲಿ ಗುರಿ ತಪ್ಪಿದರೆ ನಷ್ಟ ಒಂದು ಕಾಯಿ. ತೋಟದಲ್ಲಿ ತಪ್ಪಿದರೆ? ಬೇಟೆ 1972ರ ವನ್ಯಜೀವಿ ಕಾಯ್ದೆಯಲ್ಲೇ ನಿಂತುಹೋಯಿತು. ಪೂರ್ತಿ ನಿಂತಿದೆಯೇ ಅನ್ನುವುದು ಬಹಿರಂಗ ಗುಟ್ಟು. ಮಬ್ಬುಗತ್ತಲಲ್ಲಿ ಕಾಫಿ ಗಿಡ ಅಲ್ಲಾಡಿತು, ಹಂದಿ ಅಂತ ಹೊಡೆದೆ, ಹೋಗಿ ನೋಡಿದರೆ ಮನುಷ್ಯ. ಇಂಥ ಸುದ್ದಿಯನ್ನು ಮಲೆನಾಡಿನ ಪತ್ರಿಕೆಗಳು ಒಂದಲ್ಲ ಹತ್ತು ಸಲ ಅಚ್ಚುಹಾಕಿವೆ. ಅಂಥ ಮನೆಗಳಿಗೆ ಹೋಗಿ ಬಂದವರಿಗೆ ಗೊತ್ತು, ಎರಡೂ ಕುಟುಂಬಗಳು ಮತ್ತೆ ಎದ್ದು ನಿಲ್ಲುವುದಿಲ್ಲ. ಕಾನೂನಿನ ಮಾತು ಬದಿಗಿಡಿ, ಕಣ್ಣಿನ ಮಾತನ್ನೇ ಹೇಳೋಣ. ಮುಸ್ಸಂಜೆಯಲ್ಲಿ ಅರವತ್ತರ ಕಣ್ಣು ಹಂದಿಯನ್ನೂ ಬಗ್ಗಿ ನಿಂತ ಆಳನ್ನೂ ಬೇರೆ ಮಾಡಲಾರದು. ಕಬ್ಬಿಣದ ಸೈಟು ಮಾಡಿಕೊಡುವುದಿಲ್ಲ, ಸ್ಕೋಪೂ ಮಾಡಿಕೊಡುವುದಿಲ್ಲ. ಅದಕ್ಕಿಂತ ಅಪಾಯದ ಚಾಳಿ ಎಂದರೆ ಅಲ್ಲಾಡಿದ್ದು ಏನು ಅಂತ ನೋಡಲು ಸ್ಕೋಪನ್ನೇ ಎತ್ತುವುದು. ಸ್ಕೋಪ್ ಎತ್ತಿದಿರಿ ಅಂದರೆ ತುಂಬಿದ ಕೋವಿಯ ಬಾಯಿ ಎತ್ತಿದಿರಿ ಅಂತಲೇ ಅರ್ಥ. ನೋಡಬೇಕಾದರೆ ಟಾರ್ಚು ಇದೆ, ಬೈನಾಕ್ಯುಲರ್ ಇದೆ, ಎಲ್ಲಕ್ಕಿಂತ ಮೊದಲು ಬಾಯಿ ಇದೆ, "ಯಾರದು?" ಅಂತ ಕೂಗಲು.

ನಮ್ಮ ಕೋವಿಗೆ ಲೈಸೆನ್ಸ್ ಬೇಡ ಎಂಬ ಹೆಮ್ಮೆ ನಮಗಿದೆ. 1861ರಲ್ಲಿ ಬ್ರಿಟಿಷರ ಕಾಲದಲ್ಲಿ ಬಂದ ವಿನಾಯಿತಿ ಇದು. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಿತು. ಹೈಕೋರ್ಟಿನಲ್ಲಿ ಪ್ರಶ್ನೆ ಬಂದಾಗ 2021ರಲ್ಲಿ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠೇಣಿಯಾಗಿ ಠಾಣೆಯಲ್ಲಿ ಇಡಬೇಕೋ ಬೇಡವೋ ಅಂತ ನಾವು ಬೀದಿಗಿಳಿದು ವಾದ ಮಾಡುತ್ತೇವೆ, ಮಾಡಬೇಕಾದ್ದೇ. ಆದರೆ ನಲವತ್ತು ದಾಟಿದವರು ಸ್ಕೂಟರಿನ ಲೈಸೆನ್ಸಿಗೆ ಹೋದರೆ ವೈದ್ಯರ ಸರ್ಟಿಫಿಕೇಟು ಕೇಳುತ್ತಾರೆ. ನಮ್ಮಲ್ಲಿ ಕೋವಿ ಹಿಡಿಯುವ ಎಪ್ಪತ್ತೈದರ ಹಿರಿಯರನ್ನು "ಎದುರಿಗಿರುವುದು ಕಾಣುತ್ತದಾ?" ಅಂತ ಕೇಳುವವರು ಯಾರೂ ಇಲ್ಲ. ಸರಕಾರ ಕೇಳಲಿ ಅಂತ ನಾವು ಹೇಳುತ್ತಿಲ್ಲ, ಸರಕಾರ ಕೇಳಲು ಶುರುಮಾಡಿದರೆ ಅಲ್ಲಿಗೇ ನಿಲ್ಲುವುದಿಲ್ಲ. 2029 ದೂರವಿಲ್ಲ. ವಿನಾಯಿತಿ ಬೇಡ ಅನ್ನುವವರ ಕೈಗೆ ಒಂದು ಹೆಣದ ಫೋಟೋ ಸಿಕ್ಕರೆ ಸಾಕು. ಆದ್ದರಿಂದ ಕೇಳಬೇಕಾದವರು ಮನೆಯವರು, ಒಕ್ಕದ ಪಟ್ಟೆದಾರರು, ಪಂದ್ಯ ನಡೆಸುವ ಸಂಘದವರು.

ಇದಕ್ಕೇನೂ ಲಕ್ಷಗಟ್ಟಲೆ ಬೇಕಾಗಿಲ್ಲ. ಸಂಘಗಳು ಕೈಲ್‌ಪೊಳ್ದಿಗೆ ಚಂದಾ ಎತ್ತುವಾಗಲೇ ಆಗಸ್ಟಿನ ಒಂದು ಭಾನುವಾರವನ್ನು ಕಣ್ಣಿಗೆಂದು ಗೊತ್ತುಮಾಡಲಿ. ಮಡಿಕೇರಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜೇ ಇದೆ, ಒಬ್ಬ ಕಣ್ಣಿನ ಡಾಕ್ಟರನ್ನು ಕೇಳಿದರೆ ಇಲ್ಲ ಅನ್ನಲಾರರು. ಪೊರೆ ಕಂಡುಬಂದವರಿಗೆ ಸರಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಪುಕ್ಕಟೆ. ಸಭಾಂಗಣದಲ್ಲಿ ಆರು ಮೀಟರ್ ಜಾಗ, ಗೋಡೆಗೆ ಅಕ್ಷರದ ಹಲಗೆ, ಒಂದು ಮೇಜು, ಒಂದು ಟೇಪು. ಕೋವಿ ತರಬೇಕಾಗಿಲ್ಲ, ಕಣ್ಣಿಂದ ಮಣಿಗೆ ಎಷ್ಟು ಸೆಂಟಿಮೀಟರ್ ಅನ್ನುವ ಚೀಟಿ ತಂದರೆ ಆಯಿತು. ಪಟ್ಟೆದಾರರು ಮೊದಲ ಕುರ್ಚಿಯಲ್ಲಿ ಕೂತರೆ ಉಳಿದವರು ತಾವಾಗಿಯೇ ಸಾಲಿಗೆ ಬರುತ್ತಾರೆ. ಬರುವಾಗ ಜೇಬಿನಲ್ಲಿರುವ ಕನ್ನಡಕವನ್ನೂ ತನ್ನಿ.